ಮೊಸರಿನ ಕಲ್ಲು

ವಿಮರ್ಶಕರೆಂದರೆ ಮೊಸರಿನಲ್ಲಿ ಕಲ್ಲು ಹುಡುಕುವವರೆಂದು ಹಳಿಯುವುದು ಹಳೆಯ ವಾಡಿಕೆ. ಟೆಲಿವಿಷನ್ ಬಂದ ಮೇಲೆ ಈ ಕಸುಬು ಮನೆಮನೆಯದಾಗಿದೆ. ಬಲಗೈಯಲ್ಲಿದ್ದ ಪತ್ರ ಮರುಕ್ಷಣ ಎಡಗೈಗೆ ಬಂದುದನ್ನು ನಮ್ಮ ಮನೆಯ ಹುಡುಗ ಥಟ್ಟನೆ ಹಿಡಿಯುತ್ತಾನೆ. ಪತ್ರದಲ್ಲೇನಿತ್ತೆಂದು ಕೇಳಿದರೆ ತಲೆ ಕೆರೆದುಕೊಳ್ಳುತ್ತಾನೆ.

ಅವನನ್ನು ನೋಡಿ ನಗುವ ಹಕ್ಕು ನನಗಿಲ್ಲ. ‘ಗೇಮ್ ಆಫ್ ಥ್ರೋನ್ಸ್’ ಧಾರಾವಾಹಿಯ ಎಂಟನೆಯ ಭಾಗದ ನಾಲ್ಕನೆಯ ಕಂತು 2019ರ ಮೇ 5ರಂದು ಪ್ರಸಾರವಾದಾಗ, ಖಡ್ಗ-ಡ್ರ್ಯಾಗನ್‌ಗಳ ಆ ಲೋಕದ ಔತಣದಲ್ಲಿ, ರಾಣಿ ಡೆನೇರಿಸಳ ಎದುರಿಗೆ, ನಮ್ಮ ಕಾಲದ ಕಾಗದದ ಕಾಫಿ ಲೋಟವೊಂದು ಕುಳಿತಿತ್ತು. ನೋಡಿದವರೆಲ್ಲ ನಕ್ಕರು. ಬಹಳ ತಡವಾಗಿ ಆ ಕಂತನ್ನು ನೋಡಿದ ನಾನು ಲೋಟಕ್ಕಾಗಿ ಮೇಜನ್ನೆಲ್ಲ ಕಣ್ಣಲ್ಲೇ ತಡಕಿದೆ. ಸಿಗಲಿಲ್ಲ. ಎರಡೇ ದಿನಗಳಲ್ಲಿ ಎಚ್‌ಬಿಒದವರು ಚಿತ್ರದಿಂದ ಅದನ್ನು ಒರೆಸಿಬಿಟ್ಟಿದ್ದರು. ಎಲ್ಲರೂ ಬೇರೊಬ್ಬನನ್ನು ಕೊಂಡಾಡುತ್ತಿರುವಾಗ ಒಬ್ಬಂಟಿಯಾಗಿ ಕುಳಿತ ರಾಣಿಯ ಮುಖವೇ ಆ ದೃಶ್ಯದ ಜೀವಾಳವೆಂದು ನನಗೆ ತಿಳಿದದ್ದು ಎರಡನೆಯ ಸಲ ನೋಡಿದಾಗ.

ಲೋಟದಿಂದ ಕಥೆಗೆ ಎಳ್ಳಷ್ಟೂ ಕುಂದಿಲ್ಲ. ಕುಂದಿರುವುದು ಬೇರೆ ಕಡೆ. 2011ರ ಮೊದಲ ಕಂತಿನಲ್ಲಿ ರಾಜಧಾನಿಯಿಂದ ವಿಂಟರ್‌ಫೆಲ್‌ಗೆ ಬರಲು ಅರಸನ ಪರಿವಾರಕ್ಕೆ ಒಂದು ತಿಂಗಳು ಹಿಡಿದಿತ್ತು. 2017ರ ಒಂದು ಕಂತಿನಲ್ಲಾದರೋ, ಹೆಪ್ಪುಗಟ್ಟಿದ ಕೆರೆಯ ನಡುವೆ ವೀರರು ಶತ್ರುಗಳ ಮುತ್ತಿಗೆಗೆ ಸಿಕ್ಕಿದ್ದಾರೆ. ಒಬ್ಬ ಉತ್ತರದ ಗೋಡೆಯವರೆಗೆ ಓಡುತ್ತಾನೆ, ಅಲ್ಲಿಂದ ಕಾಗೆ ಓಲೆ ಹೊತ್ತು ದೂರದ ದ್ವೀಪಕ್ಕೆ ಹಾರುತ್ತದೆ, ರಾಣಿ ಡ್ರ್ಯಾಗನ್ನೇರಿ ಬಂದು ಕಾಪಾಡುತ್ತಾಳೆ. ಇಷ್ಟೂ ಒಂದು ರಾತ್ರಿಯಲ್ಲಿ ನಡೆದಂತೆ ತೋರುತ್ತದೆ! ಡ್ರ್ಯಾಗನ್ ಹಾರುವುದನ್ನು ನಾನು ನಂಬಬಲ್ಲೆ. ಆದರೆ ಆ ನಾಡು ಎಷ್ಟು ವಿಸ್ತಾರವೆಂದು ನನ್ನನ್ನು ನಂಬಿಸಿದವರು ಅವರೇ ಅಲ್ಲವೆ? ನಮ್ಮ ಅಲಂಕಾರಿಕರು ಔಚಿತ್ಯವೆಂದದ್ದು ಇಂಥ ಕಡೆ ಮುರಿಯುತ್ತದೆ. ಇದನ್ನು ಒರೆಸಲು ಬಟ್ಟೆಯಿಲ್ಲ.

ಒರೆಸದೆಯೇ ತಪ್ಪನ್ನು ಬಾಳಿಸಿದವರೂ ಉಂಟು. ಕಾನನ್ ಡಾಯ್ಲ್ 1887ರಲ್ಲಿ ಪ್ರಕಟಿಸಿದ ಕಥೆಯಲ್ಲಿ ಡಾಕ್ಟರ್ ವಾಟ್ಸನ್‌ಗೆ ಗುಂಡು ತಗುಲಿದ್ದು ಭುಜಕ್ಕೆ. 1890ರ ಹೊತ್ತಿಗೆ ಗಾಯ ಕಾಲಿಗೆ ಇಳಿದಿತ್ತು. ಮರೆತಿರಬೇಕು, ಪಾಪ. ಕಲ್ಲು ಹುಡುಕುವವರು ಇದನ್ನು ಮರೆಯಗೊಡಲಿಲ್ಲ. 2010ರಲ್ಲಿ ಬಿಬಿಸಿಯ ‘ಷರ್ಲಾಕ್’ ಬಂತು. ಅದರ ವಾಟ್ಸನ್ ಗುಂಡು ತಿಂದದ್ದು ಭುಜಕ್ಕೆ, ಕುಂಟುವುದು ಕಾಲನ್ನು. ಕುಂಟು ಮಾತ್ರ ಮನಸ್ಸಿನದು. ಹೋಮ್ಸ್‌ನ ಹಿಂದೆ ಲಂಡನ್ನಿನ ಬೀದಿಗಳಲ್ಲಿ ಓಡುವ ಭರದಲ್ಲಿ ಅವನು ಊರುಗೋಲನ್ನು ಹೋಟೆಲಿನಲ್ಲೇ ಮರೆತುಬಿಡುತ್ತಾನೆ.