ಗೆದ್ದವರ ಕಥೆಯಲ್ಲಿ ಸೋತವರ ಹೆಸರು: ಮೂರು ಜುಜುತ್ಸು ಚಿತ್ರಗಳ ಓದು

ಕಾಳಗದ ಕಲೆಗಳಲ್ಲಿ ಆಸಕ್ತಿಯುಳ್ಳವರು ನೋಡಬೇಕಾದ ಚಿತ್ರಗಳ ಮಾತು ಬಂದರೆ ಸಾಮಾನ್ಯವಾಗಿ ಮೊದಲು ಕೇಳಿಬರುವ ಹೆಸರು ಬ್ರೂಸ್ ಲೀ ಅವರದು. ಒದೆ, ಗುದ್ದು, ನೆಗೆತಗಳ ಕಾಳಗ ಕ್ಯಾಮೆರಾಕ್ಕೆ ಸುಲಭವಾಗಿ ಒಗ್ಗುತ್ತದೆ. ಏಟು ಎಲ್ಲಿಂದ ಹೊರಟಿತು, ಎಲ್ಲಿ ಬಿತ್ತು ಎಂಬುದು ಕಣ್ಣಿಗೆ ಕಾಣುತ್ತದೆ. ಪಟ್ಟಿನ ವಿದ್ಯೆಯ ಸಂಗತಿ ಹಾಗಲ್ಲ. ಜುಜುತ್ಸು, ಜುಡೊ ಅಥವಾ ನಮ್ಮ ಗರಡಿಯ ಕುಸ್ತಿಯಲ್ಲಿ ಎರಡು ದೇಹಗಳು ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಭಾರ ಯಾವ ಕಾಲಿನಿಂದ ಯಾವ ಕಾಲಿಗೆ ಜಾರಿತು, ಉಸಿರು ಎಲ್ಲಿ ಕಟ್ಟಿತು, ಎದುರಾಳಿಯ ಬಲವೇ ಅವನಿಗೆ ಹೇಗೆ ಮುಳುವಾಯಿತು ಎಂಬುದು ಕಾದುವ ಇಬ್ಬರಿಗಷ್ಟೇ ಗೊತ್ತು. ಆದ್ದರಿಂದ ಈ ವಿದ್ಯೆಯ ಬಗೆಗಿನ ಒಳ್ಳೆಯ ಚಿತ್ರಗಳು ಕಡಿಮೆ. ಇರುವ ಕೆಲವು ಚಿತ್ರಗಳು ಕಾಳಗವನ್ನು ತೋರಿಸುವುದಕ್ಕಿಂತ ಹೆಚ್ಚಾಗಿ ಅದರ ಅರ್ಥವನ್ನು ವಿಚಾರಿಸುತ್ತವೆ. ಅಂಥ ಮೂರು ಚಿತ್ರಗಳನ್ನು ಇಲ್ಲಿ ಒಟ್ಟಿಗೆ ಓದಲು ಯತ್ನಿಸಿದ್ದೇನೆ: ಅಕಿರ ಕುರೊಸಾವ ಅವರ ‘ಸುಗಾತ ಸಾನ್‌ಶಿರೊ’ (1943), ಜಾನಿ ಟೋ ಅವರ ‘ಥ್ರೋ ಡೌನ್’ (2004), ಡೇವಿಡ್ ಮ್ಯಾಮೆಟ್ ಅವರ ‘ರೆಡ್‌ಬೆಲ್ಟ್’ (2008).

‘ಸುಗಾತ ಸಾನ್‌ಶಿರೊ’ ಕುರೊಸಾವ ಅವರ ಮೊದಲ ಚಿತ್ರ. ತ್ಸುನೆಒ ತೊಮಿತ ಅವರ ಕಾದಂಬರಿ ಅದರ ಆಧಾರ. ಅದರ ಹಿಂದೆ ಚರಿತ್ರೆಯ ಒಂದು ಘಟನೆಯಿದೆ. 1882ರಲ್ಲಿ ಜಿಗೊರೊ ಕಾನೊ ಎಂಬ ತರುಣ ವಿದ್ವಾಂಸರು ಟೋಕಿಯೊದ ಒಂದು ಬೌದ್ಧ ದೇವಾಲಯದಲ್ಲಿ ಕೊಡೊಕಾನ್ ಎಂಬ ಶಾಲೆಯನ್ನು ತೆರೆದರು. ಹಳೆಯ ಜುಜುತ್ಸು ಪರಂಪರೆಗಳಾದ ತೆನ್‌ಜಿನ್ ಶಿನ್‌ಯೊ ಹಾಗೂ ಕಿತೊ ಶಾಲೆಗಳಲ್ಲಿ ತಾವು ಕಲಿತದ್ದನ್ನು ಶೋಧಿಸಿ, ಅಪಾಯಕರವಾದುದನ್ನು ನಿತ್ಯದ ಅಭ್ಯಾಸದಿಂದ ಬೇರ್ಪಡಿಸಿ, ಅದಕ್ಕೆ ಜುಡೊ ಎಂದು ಹೆಸರಿಟ್ಟರು. ‘ಜು’ ಎಂದರೆ ಮೃದು, ಬಾಗುವಂಥದು. ‘ಜುತ್ಸು’ ಎಂದರೆ ಕೌಶಲ, ‘ಡೊ’ ಎಂದರೆ ಮಾರ್ಗ. ಹೆಸರಿನ ಉತ್ತರಾರ್ಧ ಮಾತ್ರ ಬದಲಾಯಿತು. ಆ ಬದಲಾವಣೆಯಲ್ಲಿ ಒಂದು ತೀರ್ಪು ಅಡಗಿತ್ತು. ಇದುವರೆಗಿನದು ಬರಿಯ ಕೌಶಲ, ಇನ್ನು ಮುಂದಿನದು ಮಾರ್ಗ ಎಂಬ ತೀರ್ಪು ಅದು.

ಚಿತ್ರ ಈ ತೀರ್ಪನ್ನು ಒಪ್ಪಿಕೊಂಡೇ ಮೊದಲಾಗುತ್ತದೆ. ಜುಜುತ್ಸು ಕಲಿಯಲು ಪಟ್ಟಣಕ್ಕೆ ಬಂದ ಸಾನ್‌ಶಿರೊ ಮೊನ್ಮಾ ಎಂಬ ಗುರುವಿನ ಗುಂಪನ್ನು ಸೇರುತ್ತಾನೆ. ಅದೇ ರಾತ್ರಿ ಆ ಗುಂಪು ಜುಡೊ ಗುರು ಯಾನೊನನ್ನು ಹೊಳೆಯ ದಂಡೆಯಲ್ಲಿ ಅಡ್ಡಗಟ್ಟುತ್ತದೆ. ಬೆನ್ನಿಗೆ ನೀರನ್ನಿಟ್ಟುಕೊಂಡು ನಿಂತ ಯಾನೊ ಮೇಲೆ ಬಿದ್ದವರನ್ನೆಲ್ಲ ಒಬ್ಬೊಬ್ಬರಾಗಿ ಹೊಳೆಗೆ ಎಸೆಯುತ್ತಾನೆ. ರಿಕ್ಷಾ ಎಳೆಯುವವನು ಓಡಿಹೋಗಿದ್ದಾನೆ. ಸಾನ್‌ಶಿರೊ ತನ್ನ ಮರದ ಪಾದುಕೆಗಳನ್ನು ಕಳಚಿ ಬಿಸುಟು ತಾನೇ ರಿಕ್ಷಾ ಎಳೆಯುತ್ತಾನೆ. ಅನಂತರ ಕ್ಯಾಮೆರಾ ಆ ಪಾದುಕೆಯೊಂದನ್ನು ಹಿಂಬಾಲಿಸುತ್ತದೆ. ಅದು ಮಳೆಯಲ್ಲಿ ನೆನೆಯುತ್ತದೆ, ನಾಯಿಮರಿಯ ಬಾಯಿಗೆ ಆಟಿಕೆಯಾಗುತ್ತದೆ, ಹಿಮ ಹೊದ್ದು ಕೂರುತ್ತದೆ, ಕೊನೆಗೆ ನೀರಿನಲ್ಲಿ ತೇಲಿಹೋಗುತ್ತದೆ. ಶಿಷ್ಯವೃತ್ತಿಯ ದೀರ್ಘಕಾಲವನ್ನು ಇಷ್ಟರಲ್ಲೇ ಹೇಳಿ ಮುಗಿಸಿದ್ದಾರೆ. ವಿಮರ್ಶಕರು ಈ ದೃಶ್ಯದ ಕಾಲನಿರ್ವಹಣೆಯನ್ನು ಮೆಚ್ಚುತ್ತಾ ಬಂದಿರುವುದು ಸರಿಯೇ. ಆದರೆ ಆ ಪಾದುಕೆ ಸಾನ್‌ಶಿರೊ ತೊರೆದುಹೋದ ದಾರಿಯದು. ಕ್ಯಾಮೆರಾ ಗೆದ್ದ ಗುರುವಿನ ಜೊತೆ ಹೋಗದೆ, ಬಿಟ್ಟುಹೋದ ವಸ್ತುವಿನ ಬಳಿ ನಿಲ್ಲುತ್ತದೆ. ಮುಂದೆ ಚಿತ್ರದ ಮನಸ್ಸು ಯಾವ ಕಡೆ ವಾಲಲಿದೆ ಎಂಬುದರ ಮೊದಲ ಸೂಚನೆ ಇದು ಎಂದು ನನ್ನ ಓದು.

ಕಥೆಯಾದರೋ ಗೆದ್ದವರದೇ. ಕಾದಂಬರಿಕಾರ ತೊಮಿತರ ತಂದೆ ಸ್ವತಃ ಕಾನೊ ಅವರ ಆರಂಭದ ಶಿಷ್ಯರಲ್ಲೊಬ್ಬರು. ಸಾನ್‌ಶಿರೊ ಪಾತ್ರಕ್ಕೆ ಮಾದರಿಯಾದ ಸೈಗೊ ಶಿರೊ ಕೂಡ ಕೊಡೊಕಾನಿನ ಮಲ್ಲ. ಹೀಗೆ ಒಂದು ಶಾಲೆಯ ಮನೆಮಾತು ಕಾದಂಬರಿಯಾಗಿ, ಕಾದಂಬರಿ ಚಿತ್ರವಾಗಿ, ರಾಷ್ಟ್ರದ ನೆನಪಾಯಿತು. ಜುಡೊ ಜುಜುತ್ಸುವಿನ ಒಡಲಿನಿಂದಲೇ ಹುಟ್ಟಿದ್ದೆಂಬ ಸಂಗತಿ ಈ ನೆನಪಿನಲ್ಲಿ ಹಿಂದೆ ಸರಿದು, ಎರಡೂ ಬದ್ಧವೈರಿಗಳೆಂಬಂತೆ ಎದುರುಬದುರಾಗುತ್ತವೆ. ಖಳನಾದ ಹಿಗಾಕಿ ಜುಜುತ್ಸುವಿನವನು. ಅವನ ಉಡುಪು ಮಾತ್ರ ಪಾಶ್ಚಾತ್ಯ. ಸಿಗರೇಟಿನ ಬೂದಿಯನ್ನು ಹೂವಿನ ಮೇಲೆ ಉದುರಿಸುವವನೂ ಅವನೇ. ಹಳೆಯ ವಿದ್ಯೆಯವನಿಗೆ ಪರದೇಶದ ವೇಷ ತೊಡಿಸಿ, ಹೊಸದಾಗಿ ರೂಪಿಸಿದ್ದನ್ನು ನಾಡಿನ ಶುದ್ಧ ಸತ್ವವೆಂದು ತೋರಿಸುವುದು ಯುದ್ಧಕಾಲದ ಜಪಾನಿಗೆ ಒಪ್ಪುವ ಉಪಾಯವಾಗಿತ್ತು. ವಾಸ್ತವದಲ್ಲಿ ಕಾನೊ ಆಧುನಿಕ ವಿಶ್ವವಿದ್ಯಾಲಯದಲ್ಲಿ ಓದಿದ, ಇಂಗ್ಲಿಷ್ ಬಲ್ಲ ಶಿಕ್ಷಣತಜ್ಞರಾಗಿದ್ದರು ಎಂಬುದನ್ನು ನೆನೆದರೆ ಈ ಉಪಾಯ ಇನ್ನೂ ಸ್ಪಷ್ಟವಾಗುತ್ತದೆ.

ಇಷ್ಟೇ ಆಗಿದ್ದರೆ ಇದು ಪ್ರಚಾರದ ಚಿತ್ರವಾಗಿ ಉಳಿಯುತ್ತಿತ್ತು. ಸೋತವರನ್ನು ನೋಡುವ ಕಣ್ಣು ಅದನ್ನು ಉಳಿಸಿದೆ. ಮೊನ್ಮಾನೊಡನೆ ಸಾನ್‌ಶಿರೊ ಕಾದುವ ದೃಶ್ಯದಲ್ಲಿ ಎಸೆತಕ್ಕಿಂತ ಎಸೆತದ ಆಮೇಲಿನ ಮೌನ ದೊಡ್ಡದು. ಗೋಡೆಯ ಬುಡದಲ್ಲಿ ಒಂದು ದೇಹ ಬಿದ್ದಿದೆ. ಅದರ ಮೇಲೆ ಕಿಟಕಿಯ ಚೌಕಟ್ಟೊಂದು ನಿಧಾನಗತಿಯಲ್ಲಿ ಉರುಳುತ್ತದೆ. ಮೊನ್ಮಾನ ಮಗಳ ಚೀತ್ಕಾರ ಕೇಳಿಸುತ್ತದೆ. ಜಯಘೋಷಕ್ಕೆ ಅಲ್ಲಿ ಎಡೆಯಿಲ್ಲ.

ಚಿತ್ರದ ನಿಜವಾದ ಕೇಂದ್ರ ಮುರಾಯಿ ಹಾನ್‌ಸುಕೆ. ತಾಕಾಶಿ ಶಿಮುರಾ ಅಭಿನಯಿಸಿದ ಈ ಹಿರಿಯ ಜುಜುತ್ಸು ಗುರುವಿನೊಡನೆ ಸಾನ್‌ಶಿರೊ ಪೊಲೀಸರ ಸಮ್ಮುಖದಲ್ಲಿ ಕಾದಬೇಕಾಗಿದೆ. ಅದಕ್ಕೆ ಮೊದಲು ದೇವಾಲಯದಲ್ಲಿ ತಂದೆಯ ಗೆಲುವಿಗಾಗಿ ಪ್ರಾರ್ಥಿಸುವ ಸಾಯೊಳನ್ನು ಅವನು ಕಾಣುತ್ತಾನೆ. ಮೆಟ್ಟಿಲುಗಳ ಮೇಲೆ ಹರಿದ ಅವಳ ಪಾದುಕೆಯ ಪಟ್ಟಿಯನ್ನು ಕಟ್ಟಿಕೊಡುತ್ತಾನೆ. ಅಂದು ತನ್ನ ಪಾದುಕೆಯನ್ನು ಬಿಸುಟವನು ಇಂದು ಎದುರಾಳಿಯ ಮಗಳ ಪಾದುಕೆಯನ್ನು ಸರಿಪಡಿಸುತ್ತಾನೆ. ಪಂದ್ಯದಲ್ಲಿ ಮುರಾಯಿ ಬೀಳುತ್ತಾನೆ, ಏಳುತ್ತಾನೆ, ಮತ್ತೆ ಬೀಳುತ್ತಾನೆ, ಮತ್ತೆ ಏಳುತ್ತಾನೆ. ಯಾವ ಎಸೆತವೂ ಅವನನ್ನು ಸಣ್ಣವನನ್ನಾಗಿ ಮಾಡುವುದಿಲ್ಲ. ಕನ್ನಡದಲ್ಲಿ ‘ಪಟ್ಟು’ ಎಂಬ ಶಬ್ದಕ್ಕೆ ಎರಡು ಅರ್ಥಗಳಿವೆ: ಮಲ್ಲನ ಹಿಡಿತ ಮತ್ತು ಮನಸ್ಸಿನ ಛಲ. ಪಂದ್ಯದಲ್ಲಿ ಮೊದಲನೆಯದು ಸಾನ್‌ಶಿರೊನದು, ಎರಡನೆಯದು ಮುರಾಯಿಯದು. ಸೋಲೊಪ್ಪಿದ ಮುರಾಯಿ ಬಳಿಕ ಗೆದ್ದವನನ್ನು ಸ್ನೇಹದಿಂದ ಮನೆಗೆ ಬರಮಾಡಿಕೊಳ್ಳುತ್ತಾನೆ.

ಆಮೇಲಿನ ಅಂತಿಮ ಕಾಳಗವೇ ಹೆಚ್ಚು ಪ್ರಸಿದ್ಧ. ಎತ್ತರದ ಹುಲ್ಲು ಗಾಳಿಗೆ ಹೊಯ್ದಾಡುವ ಬಯಲಿನಲ್ಲಿ ಹಿಗಾಕಿ ಸಾನ್‌ಶಿರೊನ ಕೊರಳನ್ನು ಬಿಗಿಹಿಡಿಯುತ್ತಾನೆ. ಉಸಿರುಗಟ್ಟುವ ಆ ಗಳಿಗೆ ಹೊರಗಿನಿಂದ ಕಾಣುವಂಥದಲ್ಲ. ಕುರೊಸಾವ ಅಲ್ಲಿ ಕೊಳದ ತಾವರೆಯನ್ನು ತರುತ್ತಾರೆ. ಹಿಂದೊಮ್ಮೆ ಗುರುವಿನ ಗದರಿಕೆಗೆ ಸಿಕ್ಕಿ, ರಾತ್ರಿಯಿಡೀ ಕೊಳದಲ್ಲಿ ಕಂಬ ಹಿಡಿದು ನಿಂತಿದ್ದಾಗ ಸಾನ್‌ಶಿರೊ ಕಂಡ ಹೂವು ಅದು. ಪಟ್ಟಿನೊಳಗೆ ನಡೆಯುವುದನ್ನು ತೋರಿಸಲು ಸಿನಿಮಾ ಕಂಡುಕೊಂಡ ಮಾರ್ಗವಾಗಿ ಇದು ಮುಖ್ಯ. ಆದರೂ ಖಳನ ಸೋಲಿನಲ್ಲಿ ಮುರಾಯಿಯ ಸೋಲಿನ ಭಾರವಿಲ್ಲ. 1944ರ ಮರುಬಿಡುಗಡೆಯಲ್ಲಿ ಚಿತ್ರದ ಸುಮಾರು 17 ನಿಮಿಷಗಳು ಕತ್ತರಿಗೆ ಸಿಕ್ಕವು. 1945ರ ಎರಡನೆಯ ಭಾಗದಲ್ಲಿ ಸಾನ್‌ಶಿರೊ ಅಮೆರಿಕದ ಮುಷ್ಟಿಮಲ್ಲನನ್ನು ಎದುರಿಸುತ್ತಾನೆ. ಎದುರಾಳಿ ಗೌರವಕ್ಕೆ ಪಾತ್ರನಾಗದಿದ್ದರೆ ಕಾಳಗವೂ ಎಷ್ಟು ತೆಳುವಾಗುತ್ತದೆ ಎಂಬುದಕ್ಕೆ ಅದು ಸಾಕ್ಷಿ.

ಚರಿತ್ರೆ ಈ ಕಥೆಗೆ ಇನ್ನೊಂದು ತಿರುವು ಕೊಟ್ಟಿದೆ. ಕೊಡೊಕಾನಿನ ಮಿತ್ಸುಯೊ ಮಾಯೆದ 1914ರಲ್ಲಿ ಬ್ರೆಜಿಲ್ ತಲುಪಿದರು. ಅವರಿಂದ ಹರಿದುಬಂದ ವಿದ್ಯೆಯನ್ನು ಗ್ರೇಸಿ ಮನೆತನದವರು ನೆಲದ ಮೇಲಿನ ಕಾಳಗವಾಗಿ ಬೆಳೆಸಿದರು. ಆ ಕಾಲದಲ್ಲಿ ಹೊರದೇಶಗಳಲ್ಲಿ ಜುಡೊವನ್ನೂ ‘ಕಾನೊ ಜುಜುತ್ಸು’ ಎಂದೇ ಕರೆಯುವುದಿತ್ತು. ಹಾಗಾಗಿ ಬ್ರೆಜಿಲಿನಲ್ಲಿ ಬೇರುಬಿಟ್ಟ ಹೆಸರು ಹಳೆಯದು. ಅದೂ ಹಳೆಯ ರೋಮನ್ ಕಾಗುಣಿತದ ‘ಜಿಯು-ಜಿತ್ಸು’ ಎಂಬ ರೂಪದಲ್ಲಿ. ತೆರೆಯ ಮೇಲೆ ಸೋತ ಹೆಸರನ್ನು, ಗೆದ್ದ ಶಾಲೆಯ ಶಿಷ್ಯನೊಬ್ಬ ಹೊತ್ತೊಯ್ದ ವಿದ್ಯೆಯೇ ಪ್ರಪಂಚದಾದ್ಯಂತ ಉಳಿಸಿತು. ಮೂಲನೆಲದಲ್ಲಿ ಬದಲಾದ ಮಾತು ಗಡಿಯಾಚೆ ಹಳೆಯ ರೂಪದಲ್ಲೇ ಉಳಿಯುವುದನ್ನು ಬಲ್ಲ ನಮ್ಮ ಓದುಗರಿಗೆ ಇದು ಅಪರಿಚಿತವಾಗಿ ತೋರಲಾರದು.

‘ರೆಡ್‌ಬೆಲ್ಟ್’ ಈ ಬ್ರೆಜಿಲಿಯನ್ ವಿದ್ಯೆಯ ಚಿತ್ರ. ನಿರ್ದೇಶಕ ಮ್ಯಾಮೆಟ್ ಸ್ವತಃ ಅದರ ಅಭ್ಯಾಸಿ. ಲಾಸ್ ಏಂಜಲೀಸಿನ ಬಡ ಶಿಕ್ಷಕ ಮೈಕ್ ಟೆರಿಗೆ (ಚಿವೆಟೆಲ್ ಎಜಿಯೊಫೋರ್) ಸ್ಪರ್ಧೆಯಲ್ಲಿ ನಂಬಿಕೆಯಿಲ್ಲ. ಕಾಳಗದಲ್ಲಿ ಎಲ್ಲರಿಗೂ ಸಮಾನ ಅವಕಾಶವಿರುವುದಿಲ್ಲ ಎಂದು ಕಲಿಸಲು ಅವನು ಗೋಲಿಗಳನ್ನು ಎತ್ತಿಸುತ್ತಾನೆ. ಕರಿ ಗೋಲಿ ಬಂದವನು ಕೈ ಕಟ್ಟಿಸಿಕೊಂಡು ಕಾದಬೇಕು. ಪಂದ್ಯದ ವ್ಯಾಪಾರಿಗಳು ಈ ಪಾಠವನ್ನು ಕದ್ದು ಟಿವಿಯ ಆಟವಾಗಿಸುತ್ತಾರೆ, ಗೋಲಿಯಲ್ಲೂ ಮೋಸ ಮಾಡುತ್ತಾರೆ. ವಿದ್ಯೆಯ ಮನೆತನಕ್ಕೆ ಸೇರಿದ ಅವನ ಹೆಂಡತಿಯ ಅಣ್ಣತಮ್ಮಂದಿರು ಮಾರಾಟದ ಪಾಲುದಾರರು. ಹೊರಗಿನಿಂದ ಬಂದ ಅಳಿಯ ಅದರ ಕಾವಲುಗಾರ. ಪರಂಪರೆ ರಕ್ತದಲ್ಲಿ ಹರಿಯುವುದಿಲ್ಲ, ನಡತೆಯಲ್ಲಿ ಉಳಿಯುತ್ತದೆ ಎಂಬುದೇ ಚಿತ್ರದ ಗಟ್ಟಿ ಮಾತು. ಕೊನೆಯ ಕಾಳಗ ಅಖಾಡದ ಹೊರಗೆ ನಡೆಯುವುದು ಅರ್ಥಪೂರ್ಣ. ಆದರೆ ಅದಕ್ಕೂ ಜನರ ಮೆಚ್ಚುಗೆ, ವೃದ್ಧ ಗುರುವಿನ ಕೈಯ ಕೆಂಪು ಪಟ್ಟಿ ದೊರೆಯುತ್ತದೆ. ಬಹುಮಾನವನ್ನು ನಿರಾಕರಿಸುವ ಚಿತ್ರ ತಾನೇ ಬಹುಮಾನ ಹಂಚಿ ಮುಗಿಯುವುದು ಅದರ ದೌರ್ಬಲ್ಯ.

ಕುರೊಸಾವ ಅವರಿಗೆ ಅರ್ಪಿತವಾದ ‘ಥ್ರೋ ಡೌನ್’ ಈ ದೌರ್ಬಲ್ಯದಿಂದ ಪಾರಾಗಿದೆ. ಹಾಂಗ್‌ಕಾಂಗಿನ ರಾತ್ರಿಗಳಲ್ಲಿ ನಡೆಯುವ ಇದರ ನಾಯಕ ಸೆತೊ ಬೊ ಒಂದು ಕಾಲದ ಜುಡೊ ವೀರ. ಈಗ ಮದ್ಯದಂಗಡಿ ನಡೆಸುವ ಜೂಜುಕೋರ, ದೃಷ್ಟಿ ಕಳೆದುಕೊಳ್ಳುತ್ತಿರುವವ. ಇಲ್ಲಿ ಬೀಳುವುದೇ ಬದುಕಿನ ನಿತ್ಯಕರ್ಮ, ಬಿದ್ದವರಿಗೆ ಕೈಕೊಡುವುದೇ ಸ್ನೇಹ. ಮರಕ್ಕೆ ಸಿಕ್ಕ ಕೆಂಪು ಬಲೂನನ್ನು ಬಿಡಿಸಲು ಮೂವರು ಒಬ್ಬರ ಹೆಗಲ ಮೇಲೊಬ್ಬರು ಏರುವ ದೃಶ್ಯ ಚಿತ್ರದ ಎಲ್ಲ ಎಸೆತಗಳಿಗಿಂತ ಹೆಚ್ಚು ಕಾಲ ನೆನಪಿನಲ್ಲಿರುತ್ತದೆ. ಬುದ್ಧಿ ಬೆಳೆಯದ ತರುಣನೊಬ್ಬ ಸಿಕ್ಕವರಿಗೆಲ್ಲ ತಾನು ಸಾನ್‌ಶಿರೊ, ನೀನು ಹಿಗಾಕಿ ಎಂದು ಪಾತ್ರ ಹಂಚುತ್ತಾನೆ. ಅರವತ್ತು ವರ್ಷಗಳ ಬಳಿಕ ಒಂದು ಕಥೆಯಲ್ಲಿ ಉಳಿದದ್ದು ವೀರ ಮತ್ತು ಖಳ ಮಾತ್ರ. ಮುರಾಯಿಯ ಪಾತ್ರವನ್ನು ಯಾರೂ ಬೇಡುವುದಿಲ್ಲ. ಆದರೆ ಬೀಳುತ್ತಾ ಏಳುತ್ತಾ ಸಾಗುವ ಸೆತೊ ಬೊ ತಿಳಿದೋ ತಿಳಿಯದೆಯೋ ಅವನ ವಾರಸುದಾರನೇ ಆಗಿದ್ದಾನೆ.

ಪಟ್ಟಿನ ವಿದ್ಯೆಯನ್ನು ಪ್ರೀತಿಸುವವರು ಈ ಚಿತ್ರಗಳನ್ನು ಕಾಳಗಕ್ಕಾಗಿ ನೋಡಲಿ, ನಿರಾಶೆಯಾಗದು. ಸೊಲ್ಲಾಪುರ, ಜತ್ತ ಸೀಮೆಯ ತಾಲೀಮುಗಳನ್ನು ಕಂಡವರಿಗೆ ಅವು ಇನ್ನಷ್ಟು ಹತ್ತಿರವಾಗಬಹುದು. ಆದರೆ ನೋಡುವಾಗ ಒಂದು ಪ್ರಶ್ನೆ ಜೊತೆಗಿರಲಿ: ಈ ಕಥೆಯನ್ನು ಹೇಳುತ್ತಿರುವವರು ಯಾವ ಶಾಲೆಯವರು? ಗೆದ್ದವರು ಹೇಳಿದ ಕಥೆಯನ್ನು ಸುಳ್ಳೆಂದು ತಳ್ಳಿಹಾಕಿದರೆ ನಮಗೆ ಉಳಿಯುವುದೇನೂ ಇಲ್ಲ. ಆ ಕಥೆಯೊಳಗೇ ಮುರಾಯಿ ಎಷ್ಟು ಬಾರಿ ಎದ್ದು ನಿಂತ ಎಂದು ಎಣಿಸಿಕೊಳ್ಳುವುದು ಹೆಚ್ಚು ಉಪಯುಕ್ತ. ಸಂಖ್ಯೆಯಲ್ಲಿ ಕಡಿಮೆಯಿರುವ ಭಾಷಿಕರ ಚರಿತ್ರೆಯನ್ನು ಬೇರೆಯವರ ದಾಖಲೆಗಳಿಂದ ಹೆಕ್ಕಬೇಕಾದ ನಮ್ಮಂಥವರ ದಿನನಿತ್ಯದ ಕೆಲಸವೂ ಬಹುಮಟ್ಟಿಗೆ ಇದೇ ಅಲ್ಲವೆ?