ಬೆಲ್ಚಿಗೆ ಅಳುವವರು

ನಾಟಕ ನೋಡಿ ಜನ ಅತ್ತರು, ಚಪ್ಪಾಳೆ ಹೊಡೆದರು, ಮೌನವಾಗಿ ಎದ್ದುಹೋದರು. ನಮ್ಮ ನಾಟಕ ವಿಮರ್ಶೆಗಳೆಲ್ಲ ಇಲ್ಲಿಗೆ ಬಂದು ನಿಂತುಬಿಡುತ್ತವೆ. ಅತ್ತವರು ಯಾವ ಬೀದಿಯವರು, ಯಾರ ಸಾವಿಗೆ ಅತ್ತರು, ಮಾರನೆ ಬೆಳಿಗ್ಗೆ ತಮ್ಮೂರಿನ ಹೋಟೆಲಿನಲ್ಲಿ ಯಾರಿಗೆ ಯಾವ ಲೋಟದಲ್ಲಿ ಟೀ ಕೊಟ್ಟರು, ಇದನ್ನು ಯಾರೂ ಕೇಳುವುದಿಲ್ಲ. ಕಟ್ಟುಕತೆಯ ನಾಟಕವಾದರೆ ಹೋಗಲಿ ಎನ್ನಬಹುದು. ನಡೆದ ಕೊಲೆಯನ್ನು, ಹಾಕಿದ ಬಹಿಷ್ಕಾರವನ್ನು, ಅನುಭವಿಸಿದವರು ಹೇಳಿದ ಮಾತಿನಲ್ಲೇ ಒಂದಕ್ಷರ ತಿದ್ದದೆ ಆಡುವ ನಾಟಕಗಳಿವೆಯಲ್ಲ, ಹೇಳಿಕೆ ನಾಟಕ ಅನ್ನೋಣ, ಅವುಗಳ ವಿಮರ್ಶೆಯಲ್ಲಿ ಈ ಪ್ರಶ್ನೆಗಳನ್ನು ಬಿಟ್ಟರೆ ಉಳಿಯುವುದು ಲೈಟು ಮತ್ತು ಮೇಕಪ್ಪು.

ನಮ್ಮಲ್ಲಿ ಈ ದಾರಿ ತೆರೆದದ್ದು 'ಬೆಲ್ಚಿ'. 1977ರ ಮೇ 27ರಂದು ಬಿಹಾರದ ಬೆಲ್ಚಿಯಲ್ಲಿ 11 ಜನರನ್ನು ಕೊಂದು ಬೆಂಕಿಗೆ ಹಾಕಿದರು. ಅವರಲ್ಲಿ 8 ಜನ ದಲಿತರು. ಕೊಂದವರ ಮುಂದಾಳು ಜನಿವಾರದವನಲ್ಲ, ಜಮೀನುಳ್ಳ ಕುರ್ಮಿ ಜಾತಿಯವನು. ಶೂದ್ರರೆಲ್ಲ ಒಂದೇ ಎಂದು ಭಾಷಣ ಮಾಡುವ ನಮ್ಮ ಗೆಳೆಯರು ಈ ಒಂದು ವಿವರವನ್ನು ಗಂಟಲಿನಲ್ಲೇ ಇಟ್ಟುಕೊಳ್ಳುತ್ತಾರೆ. ಆಗ ಕೇಂದ್ರದ ಗೃಹಮಂತ್ರಿಯಾಗಿದ್ದ ಚರಣ್ ಸಿಂಗ್, ಇದು ಎರಡು ಗುಂಪುಗಳ ಹೊಡೆದಾಟ, ಜಾತಿ ಪ್ರಶ್ನೆ ಇಲ್ಲ ಎಂಬ ಅರ್ಥದಲ್ಲಿ ಮಾತಾಡಿದರು. ಆಮೇಲೆ ಸಂಸದರ ತಂಡವೇ ಹೋಗಿ ನೋಡಿಬಂದು ಅದು ಸುಳ್ಳು ಎಂದಿತು. ಆಗಸ್ಟ್‌ನಲ್ಲಿ ಇಂದಿರಾ ಗಾಂಧಿ ಕೆಸರು ದಾಟಲು ಆನೆ ಹತ್ತಿ ಅಲ್ಲಿಗೆ ಹೋದರು. ಜನರ ನೆನಪಿನಲ್ಲಿ ಉಳಿದದ್ದು ಆನೆ.

1975ರಲ್ಲಿ ಹುಟ್ಟಿದ ಸಮುದಾಯ ತಂಡ, ಸಿ.ಜಿ. ಕೃಷ್ಣಸ್ವಾಮಿಯವರ ಕೈಯಲ್ಲಿ ಈ ಸುದ್ದಿಯನ್ನು ಕನ್ನಡದ ಬೀದಿಗೆ ತಂದಿತು. ಪರದೆ ಇಲ್ಲ, ಲೈಟಿಲ್ಲ, ಟಿಕೆಟ್ಟಿಲ್ಲ. ಸುತ್ತ ನಿಂತ ಜನರೇ ಗೋಡೆ. 1979ರ ಜಾಥಾ ಕಾಲದಿಂದ ಮುಂದಕ್ಕೆ ಊರೂರು ತಿರುಗಿದ ಬೀದಿನಾಟಕಗಳಿಗೆಲ್ಲ ಇದು ಮೇಲ್ಪಂಕ್ತಿಯಾಯಿತು. ಸರಿಯಾಗಿ ಹೇಳಬೇಕೆಂದರೆ 'ಬೆಲ್ಚಿ' ಹೇಳಿಕೆ ನಾಟಕವಲ್ಲ, ಸುದ್ದಿಯಿಂದ ಕಟ್ಟಿದ ನಾಟಕ. ಆದರೆ ಇಂಥ ನಾಟಕದ ಎದುರು ನಮ್ಮ ಜನ ಹೇಗೆ ನಡೆದುಕೊಳ್ಳುತ್ತಾರೆ ಎಂಬುದನ್ನು ಅದೇ ಮೊದಲು ತೋರಿಸಿಕೊಟ್ಟಿದ್ದು. ಇದು ಕಲೆಯಲ್ಲ, ಪತ್ರಿಕೆ ವರದಿ ಎಂದು ಆಗ ಮೂಗು ಮುರಿದವರಿದ್ದರು. ಅವರಿಗೆ ಉತ್ತರ ಕೊಡುತ್ತ ಕೂರುವುದು ಈಗ ಬೇಡ. ನನ್ನ ತಕರಾರು ಮೆಚ್ಚಿದವರ ಜೊತೆ.

ಬಿಹಾರದ ಕತೆಯನ್ನು ನಮ್ಮ ಕಡೆ ಆಡಿದರೆ ಎಲ್ಲರೂ ಮೆಚ್ಚುತ್ತಾರೆ. ಹಾಸನದ ಸಭಾಂಗಣದಲ್ಲಿ ಮುಂದಿನ ಸಾಲಿನಲ್ಲಿ ಕೂತ ಮೇಷ್ಟ್ರು, ವಕೀಲರು, ಕಾಲೇಜು ಹುಡುಗರು ಕಣ್ಣೊರೆಸಿಕೊಳ್ಳುತ್ತಾರೆ. "ಎಂಥ ಅನಾಗರಿಕ ಜನ ಸಾರ್ ಆ ಬಿಹಾರದವರು" ಅನ್ನುತ್ತಾರೆ. ಇದೇ ಜನರ ಮುಂದೆ ಹೆಸರು ಬದಲಿಸಿ, ಬೆಲ್ಚಿ ಅನ್ನುವ ಕಡೆ ನಮ್ಮದೇ ತಾಲ್ಲೂಕಿನ ಒಂದು ಹಳ್ಳಿ ಅನ್ನಿ. ಕಣ್ಣೀರು ಆರಿಹೋಗುತ್ತದೆ. "ಅದು ಜಾತಿ ವಿಷಯ ಅಲ್ಲ ಕಣ್ರೀ, ಜಮೀನಿನ ವ್ಯಾಜ್ಯ." "ಪಂಚಾಯ್ತಿ ಎಲೆಕ್ಷನ್ ದ್ವೇಷ." "ಯಾರೋ ಹೊರಗಿನವರು ಬಂದು ಎತ್ತಿಕಟ್ಟಿದ್ದು." ಚರಣ್ ಸಿಂಗರ ಬಾಯಲ್ಲಿ ಬಂದ ಮಾತು ಅರಕಲಗೂಡಿನ ಸಂತೆಯಲ್ಲೂ ಸಿಗುತ್ತದೆ. ಘಟನೆಯ ಹೆಸರು ಬದಲಾಯಿಸುವುದೇ ಇಂಥ ನಾಟಕಕ್ಕೆ ನಮ್ಮ ಪ್ರೇಕ್ಷಕ ಕೊಡುವ ಮೊದಲ ಪ್ರತಿಕ್ರಿಯೆ. ಅಳು, ಚಪ್ಪಾಳೆ ಎಲ್ಲ ಆಮೇಲಿನದು.

ಇದು ನಮ್ಮೊಬ್ಬರ ರೋಗವೇನೂ ಅಲ್ಲ. ಅಮೆರಿಕದ ಲಾರಮಿ ಎಂಬ ಊರಿನಲ್ಲಿ 1998ರಲ್ಲಿ ಮ್ಯಾಥ್ಯೂ ಶೆಪರ್ಡ್ ಎಂಬ ಸಲಿಂಗಪ್ರೇಮಿ ವಿದ್ಯಾರ್ಥಿಯನ್ನು ಬೇಲಿಗೆ ಕಟ್ಟಿ ಹೊಡೆದು ಕೊಂದರು. ಒಂದು ನಾಟಕ ತಂಡ ಆ ಊರಿಗೆ ಹೋಗಿ ಜನರ ಜೊತೆ 200ಕ್ಕೂ ಹೆಚ್ಚು ಸಂದರ್ಶನ ಮಾಡಿ, ಅವರು ಆಡಿದ ಮಾತುಗಳಿಂದಲೇ 2000ದಲ್ಲಿ 'ದಿ ಲಾರಮಿ ಪ್ರಾಜೆಕ್ಟ್' ಎಂಬ ನಾಟಕ ಮಾಡಿತು. ಹತ್ತು ವರ್ಷ ಬಿಟ್ಟು ಅದೇ ತಂಡ ಮತ್ತೆ ಹೋದಾಗ ಊರಿನ ಹಲವರು ಅಂದದ್ದು: ಅದು ದ್ವೇಷದ ಕೊಲೆ ಅಲ್ಲ, ದರೋಡೆ, ಮಾದಕ ವಸ್ತುವಿನ ವ್ಯವಹಾರ ಕೆಟ್ಟದ್ದು. ಕೋರ್ಟಿನಲ್ಲಿ ಸಾಕ್ಷಿ ಆಗಿತ್ತು, ಶಿಕ್ಷೆ ಆಗಿತ್ತು, ನಾಟಕ ದೇಶವೆಲ್ಲ ತಿರುಗಿತ್ತು. ಆದರೂ ಊರು ತನ್ನ ಕತೆಯನ್ನು ತಾನೇ ಬರೆದುಕೊಂಡಿತ್ತು. ನಮ್ಮ ಹಳ್ಳಿಯ ಗೌಡನಿಗೂ ಲಾರಮಿಯ ಬಿಳಿಯನಿಗೂ ಪರಿಚಯವಿಲ್ಲ. ಮಾತು ಒಂದೇ.

ಈಗ ನಮ್ಮ ಜಿಲ್ಲೆಗೆ ಬನ್ನಿ. ಹೊಳೆನರಸೀಪುರ ತಾಲ್ಲೂಕಿನ ಸಿಗರನಹಳ್ಳಿಯಲ್ಲಿ 2015ರಲ್ಲಿ ಸ್ತ್ರೀಶಕ್ತಿ ಸಂಘದ ದಲಿತ ಹೆಣ್ಣುಮಕ್ಕಳು ಬಸವೇಶ್ವರ ದೇವಸ್ಥಾನದೊಳಕ್ಕೆ ಹೋದರು ಅಂತ 1000 ರೂಪಾಯಿ ದಂಡ ಹಾಕಿದ ಸುದ್ದಿ ಪತ್ರಿಕೆಗಳಲ್ಲಿ ಬಂತು. ಬಸವಣ್ಣನ ಹೆಸರಿನ ಗುಡಿ! ಆಮೇಲೆ ಶಾಂತಿ ಸಭೆಗಳು. ಚನ್ನರಾಯಪಟ್ಟಣ ತಾಲ್ಲೂಕಿನ ದಿಂಡಗೂರಿನಲ್ಲಿ 2021ರಲ್ಲಿ ದಲಿತರು ಗುಡಿಯ ಹೊಸಿಲು ದಾಟಲು ಅಧಿಕಾರಿಗಳು, ಪೊಲೀಸರು ನಿಂತುಕೊಳ್ಳಬೇಕಾಯಿತು. ಸ್ವಾತಂತ್ರ್ಯ ಬಂದು 74 ವರ್ಷ ಆಗಿತ್ತು. ಇಲ್ಲಿ ಯಾರೂ ಸಾಯಲಿಲ್ಲ, ಹಾಗಾಗಿ ನಾಟಕಕಾರರಿಗೆ ಇವು ಸಣ್ಣ ವಿಷಯ. ನನಗೆ ಹಾಗೆ ಕಾಣುವುದಿಲ್ಲ. ಬೆಂಕಿ, ಹೆಣ, ಕೋವಿ ಇದ್ದರೆ ನೋಡುವವನು ತಪ್ಪಿಸಿಕೊಳ್ಳುವುದು ಸುಲಭ. ತಾನು ಕೋವಿ ಹಿಡಿದವನಲ್ಲವಲ್ಲ. ಒಂದು ಸಾವಿರ ದಂಡ, ಒಂದು ಹೊಸಿಲು, ಒಂದು ಲೋಟ ಎಂದಾಗ ತಪ್ಪಿಸಿಕೊಳ್ಳಲು ಜಾಗವಿಲ್ಲ. ಶಾಂತಿ ಸಭೆಯಲ್ಲಿ ಯಾರು ಕುರ್ಚಿಯಲ್ಲಿ ಕೂತಿದ್ದರು, ಯಾರು ನಿಂತಿದ್ದರು, 'ಹೊಂದಿಕೊಂಡು ಹೋಗಿ' ಎಂಬ ಮಾತನ್ನು ಯಾರ ಕಡೆ ತಿರುಗಿ ಹೇಳಿದರು, ಇದನ್ನು ಮಾತು ಮಾತಿಗೆ ಬರೆದುಕೊಂಡು ಬಂದು ಆಡಿದರೆ ಸಾಕು. ಅದಕ್ಕಿಂತ ದೊಡ್ಡ ನಾಟಕವನ್ನು ನಮ್ಮ ಜಿಲ್ಲೆಗೆ ಯಾರೂ ಬರೆದುಕೊಡಬೇಕಾಗಿಲ್ಲ.

ಆದರೆ ಮಾತು ಮಾತಿಗೆ ಆಡುವುದರಲ್ಲಿ ಒಂದು ಅಪಾಯವಿದೆ. ನಮ್ಮ ಕಡೆ ಆಳು ಮನುಷ್ಯ ಒಡೆಯನನ್ನು 'ಬುದ್ದಿ' ಎಂದು ಕರೆಯುತ್ತಿದ್ದ. ಈಗಲೂ ಕೆಲವು ಮುದುಕರ ಬಾಯಲ್ಲಿ ಅದು ಬರುತ್ತದೆ. ನಟ ಬೆನ್ನು ಬಗ್ಗಿಸಿ, ಟವೆಲ್ಲು ಕಂಕುಳಲ್ಲಿ ಇಟ್ಟುಕೊಂಡು, "ಇಲ್ಲಾ ಬುದ್ದಿ, ಒಸಿ ತಡೀರಿ ಬುದ್ದಿ" ಎಂದರೆ ಪೇಟೆಯ ಪ್ರೇಕ್ಷಕರು ಗೊಳ್ಳೆಂದು ನಗುತ್ತಾರೆ. ಸಿನಿಮಾದಲ್ಲಿ ಕೆಲಸದಾಳು ಮಾತಾಡಿದರೆ ನಗಬೇಕೆಂದು ಅವರಿಗೆ ಅಭ್ಯಾಸವಾಗಿದೆ. ಅದೇ ಮಾತನ್ನು ಕೇರಿಯಲ್ಲಿ ಆಡಿದಾಗ ನಗುವವರಿಲ್ಲ. ಹೆಂಗಸರು ತಲೆ ಬಗ್ಗಿಸುತ್ತಾರೆ. ಓದಿದ ಹುಡುಗರಿಗೆ ಸಿಟ್ಟು ಬರುತ್ತದೆ. ಆ ಸಿಟ್ಟು ಒಡೆಯನ ಮೇಲೋ, ನಟನ ಮೇಲೋ, 'ಬುದ್ದಿ' ಅಂದ ತಮ್ಮ ತಾತನ ಮೇಲೋ ಎಂದು ಹೇಳುವುದು ಕಷ್ಟ. ಒಂದೇ ಶಬ್ದ, ಎರಡು ಕಡೆ ಎರಡು ನಾಟಕ. ದೇವನೂರ ಮಹಾದೇವರ 'ಒಡಲಾಳ'ವನ್ನು ಸಿ.ಜಿ.ಕೆ. ರಂಗಕ್ಕೆ ತಂದಾಗ ಸಾಕವ್ವನಾಗಿ ಉಮಾಶ್ರೀ ನಿಂತರು. ಆ ಮಾತು ಬರಿಯ ನಗೆಚಾಟಿಕೆಯಾಗಲಿಲ್ಲ, ಯಾಕೆಂದರೆ ಅಲ್ಲಿ ಸಾಕವ್ವ ಮನೆಯ ಯಜಮಾನಿ, ಯಾರ ಮುಂದೆಯೂ ಬೇಡುವ ಗೊಂಬೆ ಅಲ್ಲ. ನುಡಿಯ ದಾಟಿ ಅನುಕರಿಸಿದರೆ ಸಾಲದು. ಆ ನುಡಿಯವರಿಗೆ ರಂಗದ ಮೇಲೆ ಯಜಮಾನಿಕೆ ಇದೆಯೇ ಎಂದು ನೋಡಬೇಕು. ನಮ್ಮ ಎಷ್ಟೋ ಬೀದಿನಾಟಕಗಳಲ್ಲಿ ದಲಿತನಿಗೆ ಎರಡೇ ಕೆಲಸ: ಹೊಡೆಸಿಕೊಳ್ಳುವುದು, ಕೊನೆಗೆ ಮುಷ್ಟಿ ಎತ್ತುವುದು. ನಡುವೆ ಅವನು ಏನು ಯೋಚನೆ ಮಾಡಿದ ಎಂದು ಯಾರೂ ಕೇಳಲಿಲ್ಲ.

ಕೇರಿಯ ಪ್ರತಿಕ್ರಿಯೆಯನ್ನು ವಿಮರ್ಶಕರು ಬರೆಯುವುದೇ ಇಲ್ಲ. ಅಲ್ಲಿ ಜನ ಅಳುವುದು ಕಡಿಮೆ. ಅವರು ನಾಟಕವನ್ನು ತಿದ್ದುತ್ತಾರೆ. "ಅಂಗಲ್ಲ ಕಣಪ್ಪ, ಆವತ್ತು ಪೊಲೀಸ್ನೋರು ಬಂದುದ್ದು ಸಾಯಂಕಾಲ." "ಆಯಮ್ಮ ಸುಮ್ನೆ ಇರ್ನಿಲ್ಲ, ಸರ್ಯಾಗಿ ಕೇಳುದ್ಲು. ಅದನ್ಯಾಕೆ ಬುಟ್ರಿ?" ಹೀಗೆ ತಿದ್ದುವುದೇ ಹೇಳಿಕೆ ನಾಟಕಕ್ಕೆ ಸಿಗಬಹುದಾದ ಒಳ್ಳೆಯ ವಿಮರ್ಶೆ. ತಿದ್ದಿದ್ದನ್ನು ಬರೆದುಕೊಂಡು ಮುಂದಿನ ಊರಿನಲ್ಲಿ ಸೇರಿಸಿ ಆಡುವ ತಂಡಗಳು ಬೆರಳೆಣಿಕೆಯಷ್ಟು. ಇನ್ನೊಂದು ಮಾತೂ ಅಲ್ಲಿ ಕೇಳಿಬರುತ್ತದೆ. ಅದು ಕಿವಿಗೆ ಹಿತವಲ್ಲ: "ನಮಗ್ ಗೊತ್ತಿರದ್ನ ನಮಗ್ಯಾಕ್ ತೋರುಸ್ತೀರಿ? ಊರೊಳಕ್ ಹೋಗಿ ಆಡಿ." ನ್ಯಾಯವಾದ ಮಾತು. ಊರಿನವರು ಜಾಗ ಕೊಡುವುದಿಲ್ಲ ಎಂದು ತಂಡಗಳು ಕೇರಿಯಲ್ಲಿ ಆಡಿ ಬರುತ್ತವೆ. ನೋಡಬೇಕಾದವರು ಟಿವಿ ಮುಂದೆ ಕೂತಿರುತ್ತಾರೆ.

ಹೆಸರಿನ ಪ್ರಶ್ನೆ ಇನ್ನೂ ಕಠಿಣ. ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ 2000ದ ಮಾರ್ಚ್ 11ರಂದು 7 ಜನ ದಲಿತರನ್ನು ಜೀವಂತ ಸುಟ್ಟರು. 2006ರಲ್ಲಿ ಕೋರ್ಟಿನಲ್ಲಿ ಆರೋಪಿಗಳು ಖುಲಾಸೆಯಾದರು. ಸಾಕ್ಷಿಗಳು ತಿರುಗಿಬಿದ್ದಿದ್ದರು. 2014ರಲ್ಲಿ ಹೈಕೋರ್ಟೂ ಅದನ್ನೇ ಎತ್ತಿಹಿಡಿಯಿತು. ಸಾಕ್ಷಿ ಯಾಕೆ ತಿರುಗಿಬೀಳುತ್ತದೆ ಎಂದು ಹಳ್ಳಿಯಲ್ಲಿ ಬದುಕುವವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಕೂಲಿ ಕೊಡುವವನು ಅವನೇ, ನೀರಿನ ದಾರಿ ಅವನ ಹೊಲದ ಮೇಲೆ, ಸಾಲದ ಪುಸ್ತಕವೂ ಅವನ ಮನೆಯಲ್ಲಿ. ಕೋರ್ಟಿನಲ್ಲಿ ಹೇಳಲಾರದ ಮಾತನ್ನು ನಾಟಕದವರ ಟೇಪಿಗೆ, ಈಗ ಮೊಬೈಲಿಗೆ, ಹೇಳಿದ ಹೆಣ್ಣುಮಗಳ ಹೆಸರನ್ನು ನೀವು ರಂಗದ ಮೇಲೆ ಕೂಗಿ ಹೇಳಿ ಬಂದರೆ ಅದು ಧೈರ್ಯವೆ? ಧೈರ್ಯ ನಿಮ್ಮದು, ಬೆಲೆ ಅವಳದು.

ಜರ್ಮನಿಯ ಪೀಟರ್ ವೈಸ್ ಇದನ್ನು ಯೋಚಿಸಿದ್ದ. ಆಷ್‌ವಿಟ್ಸ್ ಸೆರೆಶಿಬಿರದ ಕಾವಲುಗಾರರ ಮೇಲೆ 1963ರಿಂದ 65ರವರೆಗೆ ಫ್ರಾಂಕ್‌ಫರ್ಟಿನಲ್ಲಿ ನಡೆದ ವಿಚಾರಣೆಯ ಹೇಳಿಕೆಗಳಿಂದ ಅವನು 'ದಿ ಇನ್ವೆಸ್ಟಿಗೇಷನ್' ಎಂಬ ನಾಟಕ ಕಟ್ಟಿದ. 1965ರ ಅಕ್ಟೋಬರ್ 19ರಂದು ಎರಡೂ ಜರ್ಮನಿಗಳ ಹಲವು ರಂಗಮಂದಿರಗಳಲ್ಲಿ ಅದು ಒಂದೇ ದಿನ ಶುರುವಾಯಿತು. ಅದರಲ್ಲಿ ಆರೋಪಿಗಳಿಗೆ ಅವರವರ ನಿಜ ಹೆಸರಿದೆ. ಸಾಕ್ಷಿಗಳಿಗೆ ಹೆಸರಿಲ್ಲ, ನಂಬರು ಮಾತ್ರ. ಶಿಬಿರದಲ್ಲಿ ಮನುಷ್ಯರನ್ನು ನಂಬರು ಮಾಡಿದ್ದನ್ನು ಅದು ನೆನಪಿಸುತ್ತದೆ, ಜೊತೆಗೆ ಮಾತನ್ನು ಒಬ್ಬರ ತಲೆಯ ಮೇಲೆ ಹೊರಿಸದೆ ಎಲ್ಲರದ್ದಾಗಿ ಮಾಡುತ್ತದೆ. ನಮ್ಮಲ್ಲಿ ಇದು ತಲೆಕೆಳಗಾಗಿದೆ. ಹೊಡೆಸಿಕೊಂಡವರ ಹೆಸರು, ಊರು, ಜಾತಿ ಎಲ್ಲ ನಾಟಕದಲ್ಲಿ ಬರುತ್ತದೆ. ಹೊಡೆದವನು 'ಊರಿನ ಪ್ರಮುಖ'.

ಹಾಗಾದರೆ ಇಂಥ ನಾಟಕ ಬೇಡವೇ ಎಂದು ಕೆಲವು ಗೆಳೆಯರು ಕೇಳಬಹುದು. ಬೇಕು. ಆದರೆ ಸಾಕ್ಷಿಯ ಮಾತಿನ ಜೊತೆ ಪ್ರೇಕ್ಷಕನ ಮಾತನ್ನೂ ಒಳಕ್ಕೆ ತರಬೇಕು. ಹಾಸನದಲ್ಲಿ ಅಂದ 'ಜಮೀನಿನ ವ್ಯಾಜ್ಯ'ವನ್ನು ಹೊಳೆನರಸೀಪುರದಲ್ಲಿ ಆಡಿ. ಹೊಳೆನರಸೀಪುರದಲ್ಲಿ ಅಂದ 'ಊರಿಗೆ ಕೆಟ್ಟ ಹೆಸರು' ಎಂಬುದನ್ನು ಚನ್ನರಾಯಪಟ್ಟಣದಲ್ಲಿ ಆಡಿ. ದಂಡ ಹಾಕಿದ ಪಂಚಾಯ್ತಿಯ ಮಾತು, ಶಾಂತಿ ಸಭೆಯ ಮಾತು, 'ನಮ್ಮಲ್ಲಿ ಅದೆಲ್ಲ ಇಲ್ಲ ಬಿಡಿ' ಎನ್ನುವ ಹೆಡ್‌ಮಾಸ್ಟರ ಮಾತು, ಎಲ್ಲವೂ ಬರಲಿ. ಆಗ ನೋಡುವವನಿಗೆ ಬಿಹಾರಕ್ಕೆ ಓಡಿಹೋಗಲು ಬಸ್ಸು ಸಿಗುವುದಿಲ್ಲ.

ಬಸ್ಸಿನ ಮಾತು ಬಂದದ್ದಕ್ಕೆ ಇದನ್ನೂ ಹೇಳಿಬಿಡುತ್ತೇನೆ. ಹಾಸನಕ್ಕೆ ಕೊನೇ ಬಸ್ಸು ಎಷ್ಟೊತ್ತಿಗೆ ಎಂದು ಡೋಲು ಬಿಚ್ಚುವ ಮೊದಲೇ ವಿಚಾರಿಸುವ ತಂಡಗಳನ್ನು ಕಂಡಿದ್ದೇನೆ. ಊರೊಳಗೆ ಆಡಿದ ದಿನವಾದರೂ ಆ ರಾತ್ರಿ ಕೇರಿಯಲ್ಲಿ ಉಳಿಯಿರಿ. ಅವರ ಮನೆಯಲ್ಲಿ ಉಣ್ಣಿ. ಬೆಳಿಗ್ಗೆ ಎದ್ದು ಅವರ ಜೊತೆ ಅದೇ ಹೋಟೆಲಿಗೆ ಹೋಗಿ ಟೀ ಕೇಳಿ. ಅಲ್ಲಿ ಏನಾಯಿತು ಎಂದು ಬರೆದು ಕಳಿಸಿದರೆ ನಾಟಕದ ವಿಮರ್ಶೆಯ ಜೊತೆ ಅದನ್ನೂ ಅಚ್ಚು ಹಾಕಬಹುದು.