ಬೆಳಕು ಆರಿದ ಶಿಲುಬೆ: ‘ಸೇಲಮ್ಸ್ ಲಾಟ್’ ಕಾದಂಬರಿಯ ಓದುಗರೊಡನೆ ಒಂದು ಚರ್ಚೆ

ಅಮೆರಿಕದ ಲೇಖಕ ಸ್ಟೀಫನ್ ಕಿಂಗ್ ಅವರ ‘ಸೇಲಮ್ಸ್ ಲಾಟ್’ ಕಾದಂಬರಿ ಪ್ರಕಟವಾದದ್ದು 1975ರಲ್ಲಿ. ಮೇನ್ ರಾಜ್ಯದ ಒಂದು ಸಣ್ಣ ಊರಿಗೆ ಬಾರ್ಲೋ ಎಂಬ ರಕ್ತಪಿಶಾಚಿ ಬಂದು ನೆಲೆಸುತ್ತದೆ. ಊರು ಮನೆಮನೆಯಾಗಿ ಬರಿದಾಗುತ್ತದೆ. ಯಂಡಮೂರಿ ವೀರೇಂದ್ರನಾಥರ ‘ತುಳಸಿದಳ’ವನ್ನು ಅನುವಾದದಲ್ಲಿ ಓದಿದ, 1985ರಲ್ಲಿ ಅದನ್ನು ಚಲನಚಿತ್ರವಾಗಿಯೂ ಕಂಡ ಕನ್ನಡಿಗರಿಗೆ ಈ ಬಗೆಯ ಸಾಹಿತ್ಯ ಹೊಸದಲ್ಲ. ಆದರೆ ಕಿಂಗ್ ಅವರ ಕೃತಿಯಲ್ಲಿ ಕೆಡುಕಿನೆದುರು ನಿಂತು ಸೋಲುವವನು ಒಬ್ಬ ಕಥೋಲಿಕ ಯಾಜಕ. ಆದುದರಿಂದ ನಾವು ಇದನ್ನು ಕೇವಲ ಮನರಂಜನೆಯೆಂದು ಬದಿಗಿಡಲಾರೆವು.

ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ ಭಾಗದ ಯುವಜನರಲ್ಲಿ ಇದನ್ನು ಓದಿದ ಕೆಲವರೊಡನೆ, ನಮ್ಮ ಗುರುಮಠದ ವಿದ್ಯಾರ್ಥಿಗಳೊಡನೆ ನಾವು ಮಾತನಾಡಿದೆವು. ಮೂರು ಅಭಿಪ್ರಾಯಗಳು ಮತ್ತೆ ಮತ್ತೆ ಕೇಳಿಬಂದವು. ಮೊದಲ ಅರ್ಧಭಾಗ ಬಹಳ ನಿಧಾನ, ಊರಿನ ಹರಟೆಯೇ ಹೆಚ್ಚು ಎಂಬುದು ಒಂದು. ಫಾದರ್ ಕ್ಯಾಲಹನ್‌ನ ಸೋಲು ಯಾಜಕತ್ವಕ್ಕೆ ಮಾಡಿದ ಅವಮಾನ ಎಂಬುದು ಇನ್ನೊಂದು. ಮೂರನೆಯದು ಅಭಿಪ್ರಾಯಕ್ಕಿಂತ ಹೆಚ್ಚಾಗಿ ಭಯ. ಒಬ್ಬ ವಿದ್ಯಾರ್ಥಿ ತರಗತಿ ಮುಗಿದ ಮೇಲೆ ಉಳಿದುಕೊಂಡು ಕೇಳಿದ: “ಫಾದರ್, ನನ್ನ ವಿಶ್ವಾಸ ಕುಂದಿದ ದಿನ ನಾನು ಎತ್ತಿ ಹಿಡಿಯುವ ಶಿಲುಬೆ ಬರೀ ಮರದ ತುಂಡೇ?”

ಮೊದಲ ಆಕ್ಷೇಪವನ್ನು ನಾವು ಒಪ್ಪುವುದಿಲ್ಲ. ಆ ನಿಧಾನವಾದ ಪುಟಗಳಲ್ಲೇ ಹಸುಗೂಸಿಗೆ ಹೊಡೆಯುವ ತಾಯಿಯಿದ್ದಾಳೆ, ಕುಡಿತವಿದೆ, ನೆರೆಯವರ ಗುಟ್ಟಿನಲ್ಲಿ ಸುಖ ಕಾಣುವ ನಾಲಗೆಗಳಿವೆ. ಪಿಶಾಚಿ ಬರುವ ಮುನ್ನವೇ ಊರಿನಲ್ಲಿ ಕೆಡುಕಿತ್ತು. ಕ್ಯಾಲಹನ್‌ಗೆ ಇದು ಸಾಕಾಗಲಿಲ್ಲ. ಪಾಪನಿವೇದನೆಯಲ್ಲಿ ಕೇಳಿಸಿಕೊಳ್ಳುವ ಸಣ್ಣ ಸಣ್ಣ ಪಾಪಗಳಿಂದ ಬೇಸತ್ತು, ಮುಖವುಳ್ಳ ಮಹಾಶತ್ರುವೊಬ್ಬನೊಡನೆ ಹೋರಾಡಬೇಕೆಂದು ಅವನು ಹಂಬಲಿಸುತ್ತಾನೆ. ನಿಧಾನವೆಂದು ಪುಟ ಮಗುಚುವ ಓದುಗನ ಹಂಬಲವೂ ಅದೇ ಅಲ್ಲವೇ? ನಮ್ಮ ಕಡೆಯಲ್ಲಿ ಕಾಳಿ ನದಿಯ ಅಣೆಕಟ್ಟೆಯ ನೀರಿನಡಿ ಹಳೆಯ ಸೂಪಾ ಪಟ್ಟಣವೇ ಮುಳುಗಿತು. ತಾಲ್ಲೂಕಿನ ಕೇಂದ್ರ ಜೋಯಿಡಾಕ್ಕೆ ಬಂದಿತು. ಒಂದು ಊರು ಬರಿದಾಗಲು ಪಿಶಾಚಿಯೇ ಬರಬೇಕಿಲ್ಲ. ಮನೆಮಠ ಕಳೆದುಕೊಂಡವರ ದುಃಖಕ್ಕೆ ಕೋರೆಹಲ್ಲಿನ ಶತ್ರುವಿಲ್ಲ. ಆದರೂ ಅವರ ಜೊತೆ ಕೂರುವುದು ಯಾಜಕನ ಕೆಲಸವೇ.

ಎರಡನೆಯ ಆಕ್ಷೇಪಕ್ಕೆ ಕಥೆಯನ್ನೇ ಸಾಕ್ಷಿಯಾಗಿ ಕರೆಯೋಣ. ಬಾರ್ಲೋ ಮಾರ್ಕ್ ಎಂಬ ಬಾಲಕನನ್ನು ಹಿಡಿದು ನಿಂತಿದ್ದಾನೆ. ಕ್ಯಾಲಹನ್ ಕೈಯ ಶಿಲುಬೆ ಬೆಳಗುತ್ತಿದೆ. ಶಿಲುಬೆಯನ್ನು ಎಸೆದು ಬರಿಗೈಯಲ್ಲಿ ಎದುರಿಸುವುದಾದರೆ ಹುಡುಗನನ್ನು ಬಿಡುವೆನೆಂದು ಪಿಶಾಚಿ ಷರತ್ತು ಹಾಕುತ್ತಾನೆ. ಕ್ಯಾಲಹನ್ ಒಪ್ಪುತ್ತಾನೆ, ಹುಡುಗ ಬಿಡುಗಡೆಯಾಗುತ್ತಾನೆ, ಆದರೆ ಶಿಲುಬೆಯನ್ನು ಎಸೆಯಲು ಕೈ ಬಾರದು. ಬೆಳಕು ಆರುತ್ತದೆ. ಯಾಜಕನ ಸೋಲನ್ನು ಹೇಳುವ ಓದುಗರು ಹುಡುಗ ಬದುಕಿದ್ದನ್ನು ಮರೆಯುತ್ತಾರೆ. ಕೊನೆಗೆ ಊರಿನಿಂದ ಜೀವಸಹಿತ ಪಾರಾದ ಕೆಲವರಲ್ಲಿ ಅವನೂ ಒಬ್ಬ. ಸೋತವನ ಕೈಯಿಂದಲೂ ಒಂದು ಪ್ರಾಣ ಉಳಿಯಿತು.

ಇನ್ನು ವಿದ್ಯಾರ್ಥಿಯ ಪ್ರಶ್ನೆ. ಕಾದಂಬರಿಯಲ್ಲಿ ಬಾಲಕನ ಆಟಿಕೆಯ ಪ್ಲಾಸ್ಟಿಕ್ ಶಿಲುಬೆ ಪಿಶಾಚಿಯನ್ನು ಓಡಿಸುತ್ತದೆ, ಯಾಜಕನ ಶಿಲುಬೆ ನಿಸ್ತೇಜವಾಗುತ್ತದೆ. ಅಂದರೆ ಹಿಡಿದವನ ವಿಶ್ವಾಸವೇ ಎಲ್ಲ. ಇದರಲ್ಲಿ ಅರ್ಧ ಸತ್ಯವಿದೆ. ಶಿಲುಬೆ ತಾಯಿತವಲ್ಲ, ಪ್ರೇಷಿತರ ಕಾರ್ಯಕಲಾಪಗಳ 19ನೇ ಅಧ್ಯಾಯದಲ್ಲಿ ಯೇಸುವಿನ ನಾಮವನ್ನು ಮಂತ್ರದಂತೆ ಬಳಸಹೊರಟ ಸ್ಕೇವನ ಮಕ್ಕಳು ಗಾಯಗೊಂಡು ಓಡಿದರು. ಆದರೆ ಉಳಿದರ್ಧವನ್ನು ಕಾದಂಬರಿ ಕಾಣಲಿಲ್ಲ. ಡೊನಾಟಿಸ್ಟರೊಡನೆ ವಾದಿಸುತ್ತ ಸಂತ ಅಗಸ್ಟೀನರು ಸ್ಥಾಪಿಸಿದ್ದೂ, 1547ರಲ್ಲಿ ಟ್ರೆಂಟ್ ಮಹಾಸಭೆ ದೃಢಪಡಿಸಿದ್ದೂ ಇದನ್ನೇ: ಸಂಸ್ಕಾರಗಳ ಫಲ ಯಾಜಕನ ಯೋಗ್ಯತೆಯನ್ನು ಅವಲಂಬಿಸಿಲ್ಲ, ಅವುಗಳಲ್ಲಿ ಕ್ರಿಯಾಶೀಲನಾಗಿರುವವನು ಕ್ರಿಸ್ತನೇ. ಶಿಲುಬೆ, ತೀರ್ಥದಂಥ ಪವಿತ್ರ ಚಿಹ್ನೆಗಳು ಸಂಸ್ಕಾರಗಳಲ್ಲ, ನಿಜ. ಆದರೆ ಅವುಗಳ ಹಿಂದೆಯೂ ಇಡೀ ಧರ್ಮಸಭೆಯ ಪ್ರಾರ್ಥನೆಯಿದೆ. ಯಾಜಕನು ಒಂಟಿಯಾಗಿ ನಿಂತ ಮಾಂತ್ರಿಕನಲ್ಲ.

ಇದು ಪುಸ್ತಕದ ಮಾತು ಮಾತ್ರವಲ್ಲ. ಮೈಮೇಲೆ ದೆವ್ವ ಬಂದಿದೆಯೆಂದು ಹೇಳಿ ಸೊಸೆಯನ್ನೋ ಮಗನನ್ನೋ ಯಾಜಕನ ಮನೆಗೆ ಕರೆತರುವವರು ನಮ್ಮ ಧರ್ಮಕೇಂದ್ರಗಳಲ್ಲಿ ಇಂದಿಗೂ ಇದ್ದಾರೆ. ತನ್ನ ವಿಶ್ವಾಸದ ಬಲವನ್ನು ತೋರಿಸಲೇಬೇಕೆಂದು ಹೊರಟ ಯಾಜಕ ಅಲ್ಲಿ ಒಂದೋ ಪ್ರದರ್ಶನಕ್ಕಿಳಿಯುತ್ತಾನೆ, ಇಲ್ಲವೇ ಕ್ಯಾಲಹನ್‌ನಂತೆ ಕುಸಿಯುತ್ತಾನೆ. ಇದಕ್ಕೆಂದೇ ಧರ್ಮಸಭೆ ದೆವ್ವ ಬಿಡಿಸುವ ವಿಧಿಯನ್ನು ಧರ್ಮಾಧ್ಯಕ್ಷರ ಅನುಮತಿಗೆ ಒಳಪಡಿಸಿದೆ, ಕಾಯಿಲೆಯೋ ಅಲ್ಲವೋ ಎಂಬುದನ್ನು ಮೊದಲು ನಿಶ್ಚಯಿಸಿಕೊಳ್ಳಲು ಹೇಳಿದೆ. ಹಲವು ಸಲ ಆ ಹೆಣ್ಣುಮಗಳಿಗೆ ಬೇಕಾದದ್ದು ವೈದ್ಯರು, ನಿದ್ದೆ, ಹೊಡೆತವಿಲ್ಲದ ಮನೆ. ಜೊತೆಗೆ ನಮ್ಮ ಪ್ರಾರ್ಥನೆ.

ಕಾದಂಬರಿಯೊಡನೆ ನಮ್ಮ ನಿಜವಾದ ಜಗಳ ಒಂದು ಬಾಗಿಲಿನ ಕುರಿತು. ಪಿಶಾಚಿಯ ರಕ್ತವನ್ನು ಬಲವಂತದಿಂದ ಕುಡಿಯಬೇಕಾಗಿ ಬಂದ ಕ್ಯಾಲಹನ್ ತನ್ನ ಗುಡಿಗೆ ಮರಳಿದಾಗ ಬಾಗಿಲೇ ಅವನನ್ನು ಸುಟ್ಟು ಹಿಂದಕ್ಕೆಸೆಯುತ್ತದೆ. ಅವನು ಬಸ್ಸು ಹತ್ತಿ ಊರು ಬಿಡುತ್ತಾನೆ. ಕಿಂಗ್ ಅವರಿಗೂ ಅವನನ್ನು ಅಲ್ಲೇ ಬಿಡಲಾಗಲಿಲ್ಲ. 2003ರ ಕಾದಂಬರಿಯೊಂದರಲ್ಲಿ ಅವನನ್ನು ಮತ್ತೆ ತಂದರು. ಶುಭಸಂದೇಶದಲ್ಲಿ ಅಂಥ ಬಾಗಿಲಿಲ್ಲ. ನೀರಿನಲ್ಲಿ ಮುಳುಗತೊಡಗಿದ ಪೇತ್ರನ ವಿಶ್ವಾಸವೂ ಕುಂದಿತ್ತು. ಯೇಸುಸ್ವಾಮಿ ಗದರಿಸುವ ಮೊದಲು ಕೈಚಾಚಿ ಹಿಡಿದರು.

ಆ ವಿದ್ಯಾರ್ಥಿಗೆ ನಾವು ಹೇಳಿದ್ದಿಷ್ಟು: ವಿಶ್ವಾಸ ಕುಂದುವ ದಿನ ಬರುತ್ತದೆ, ನಮಗೂ ಬಂದಿದೆ. ಅಂದು ಬೆಳಿಗ್ಗೆಯೂ ಬಲಿಪೂಜೆ ಅರ್ಪಿಸು, ಸಂಜೆ ಇನ್ನೊಬ್ಬ ಗುರುವಿನ ಬಳಿ ಪಾಪನಿವೇದನೆಗೆ ಹೋಗು. ಶಿಲುಬೆ ಬೆಳಗುತ್ತಿದೆಯೋ ಇಲ್ಲವೋ ಎಂದು ನೋಡುತ್ತ ನಿಲ್ಲಬೇಡ. ಪುಸ್ತಕವನ್ನು ಓದಬೇಡವೆಂದು ನಾವು ಹೇಳಲಿಲ್ಲ. ಆ ಬಾಗಿಲಿನ ಪುಟವನ್ನು ಮತ್ತೊಮ್ಮೆ ಓದೆಂದು ಹೇಳಿ ಕಳುಹಿಸಿದೆವು.